ನೆಲೆ ನಿಂತ ಕಣ್ಣು

ಹೋಬಳಿ ಮಟ್ಟದ ಶಾಲಾ ಕ್ರೀಡಾಕೂಟದ ವೇದಿಕೆಯಿಂದ ಪ್ರತಿ ವರ್ಷವೂ ಕೇಳಿಬರುವ ಮಾತೊಂದಿದೆ. ಹಳ್ಳಿಗಳಲ್ಲಿ ಪ್ರತಿಭೆಗೆ ಕೊರತೆಯಿಲ್ಲ, ಗುರುತಿಸುವವರೇ ಇಲ್ಲ. ನಮ್ಮ ಹೋಬಳಿಯಾದ ಹಳೇಕೋಟೆಯಲ್ಲಿ ಹೇಳುವ ಈ ಮಾತನ್ನೇ ಹೊಳೆನರಸೀಪುರ, ಅರಕಲಗೂಡು, ಚನ್ನರಾಯಪಟ್ಟಣದ ವೇದಿಕೆಗಳಲ್ಲೂ ಹೇಳುತ್ತಾರೆ. ಹೇಳುವವರು ಮಕ್ಕಳ ಹಿತ ಬಯಸುವವರೇ. ಹಳ್ಳಿಯಲ್ಲಿ ಪ್ರತಿಭೆ ಇದೆ ಎಂಬ ಅವರ ಮಾತನ್ನು ನಾನೂ ಪೂರ್ತಿ ಒಪ್ಪುತ್ತೇನೆ. ಗುರುತಿಸುವವರು ಬಂದುಬಿಟ್ಟರೆ ಉಳಿದದ್ದೆಲ್ಲ ತಾನಾಗಿ ಆಗುತ್ತದೆ ಎಂಬ ನಂಬಿಕೆಯ ಬಗ್ಗೆ ಮಾತ್ರ ನನಗೆ ತಕರಾರಿದೆ. ಅದನ್ನು ವಿನಯದಿಂದಲೇ, ಆದರೆ ಬಿಚ್ಚಿ ಹೇಳಬೇಕೆನಿಸಿದೆ.

ಏಕೆಂದರೆ ಈ ನಂಬಿಕೆ ಈಗ ವೇದಿಕೆಯ ಮಾತಾಗಿಯಷ್ಟೇ ಉಳಿದಿಲ್ಲ, ಸರ್ಕಾರದ ನೀತಿಯೂ ಆಗಿದೆ. ಕೇಂದ್ರ ಸರ್ಕಾರ 2024ರ ಮಾರ್ಚ್‌ನಲ್ಲಿ 'ಕೀರ್ತಿ' ಎಂಬ ಯೋಜನೆ ಆರಂಭಿಸಿತು. 9ರಿಂದ 18 ವರ್ಷದ ಮಕ್ಕಳನ್ನು ದೇಶದಾದ್ಯಂತ ಅಳೆದು ನೋಡಿ, ಅವರಲ್ಲಿ ಮುಂದೆ ಕ್ರೀಡಾಪಟುಗಳಾಗಬಲ್ಲವರನ್ನು ಆರಿಸುವುದು ಅದರ ಉದ್ದೇಶ. 20 ಲಕ್ಷ ಮಕ್ಕಳ ಪರೀಕ್ಷೆಯ ಗುರಿ ಇಟ್ಟುಕೊಂಡು ಹೊರಟ ಯೋಜನೆ ಅದು. ಐಪಿಎಲ್ ತಂಡಗಳ ಶೋಧಕರು ಊರೂರು ಸುತ್ತುತ್ತಾರೆ. ಮೊಬೈಲಿನಲ್ಲಿ ಚಿತ್ರೀಕರಿಸಿದ ಓಟ ರಾತ್ರಿ ಬೆಳಗಾಗುವುದರೊಳಗೆ ದೆಹಲಿ ಮುಟ್ಟುತ್ತದೆ. ನೋಡುವ ಕಣ್ಣುಗಳ ಸಂಖ್ಯೆ ಇಷ್ಟು ಹೆಚ್ಚಿರುವಾಗಲೂ ನಮ್ಮ ಹೋಬಳಿಯ ಹುಡುಗಿ ಹತ್ತನೇ ತರಗತಿ ಮುಗಿದೊಡನೆ ಓಟ ಬಿಡುತ್ತಾಳೆ. ಹಾಗಾದರೆ ತೊಂದರೆ ಇರುವುದು ಕಣ್ಣಿನ ಬರದಲ್ಲೋ, ಇನ್ನೆಲ್ಲೋ?

ಇದಕ್ಕೆ ಉತ್ತರ ಹುಡುಕಲು ಯುದ್ಧದ ಕಡೆಗೆ ಹೊರಳಬೇಕು. ಮುಂದೆ ಹೋಗಿ ನೋಡಿಕೊಂಡು ಬರುವ ಕೆಲಸ ಆಟದ ಮೈದಾನಕ್ಕೆ ಬಂದದ್ದು ಇತ್ತೀಚೆಗೆ. ರಣರಂಗದಲ್ಲಿ ಅದರ ಗುಣದೋಷಗಳೆಲ್ಲ ಎಷ್ಟೋ ಮೊದಲೇ ಬಯಲಾಗಿವೆ. ಮೊದಲು ಕಂಡವನೇ ಗೆಲ್ಲುತ್ತಾನೆ ಎಂಬುದು ಅಲ್ಲಿಯೂ ಹಳೆಯ ನಂಬಿಕೆ. ನಮ್ಮ ಮಗ್ಗುಲಲ್ಲೇ ನಡೆದ ಒಂದು ಯುದ್ಧ ಅದನ್ನು ಚೆನ್ನಾಗಿ ಒರೆಗೆ ಹಚ್ಚಿದೆ.

ಅರಕಲಗೂಡಿನ ನೆರೆಯ ಪಿರಿಯಾಪಟ್ಟಣದಿಂದ ಕೊಡಗಿನ ಕಡೆ ಹೋದರೆ ಸಿದ್ದೇಶ್ವರ ಬೆಟ್ಟ ಸಿಗುತ್ತದೆ. ಬ್ರಿಟಿಷ್ ದಾಖಲೆಗಳು ಇದನ್ನು ಸೀದಸೀರ್ ಎನ್ನುತ್ತವೆ. 1799ರ ಮಾರ್ಚ್ 5ರಂದು ಆ ಬೆಟ್ಟದ ಮೇಲಿಂದ ಬ್ರಿಟಿಷರ ಮುಂಬಯಿ ಸೇನೆಯ ಕಾವಲಿನವರು ಪಿರಿಯಾಪಟ್ಟಣದ ಕಡೆ ಕಣ್ಣು ಹಾಯಿಸಿದರು. ದೊಡ್ಡದೊಂದು ಬಿಡಾರ ಏಳುತ್ತಿತ್ತು, ಅದರ ನಡುವೆ ಎದ್ದು ಕಾಣುವ ಹಸಿರು ಡೇರೆ. ಅದು ಟಿಪ್ಪು ಸುಲ್ತಾನನದೇ ಡೇರೆ ಇರಬೇಕೆಂಬ ಅನುಮಾನ ನೋಡಿದವರಿಗೆ ಬಂತು. ಕಂಡದ್ದು ಸರಿಯಾಗಿಯೇ ಇತ್ತು. ಆದರೆ ಹಿಂದೆ ಬೀಡುಬಿಟ್ಟಿದ್ದ ಸೇನಾಪತಿ ಸ್ಟುವರ್ಟ್‌ನಿಗೆ ಅದಕ್ಕೂ ಮೊದಲು ಬೇರೆ ಸುದ್ದಿ ಬಂದಿತ್ತು. ಟಿಪ್ಪು ಪೂರ್ವದಿಂದ ಬರುತ್ತಿದ್ದ ಬ್ರಿಟಿಷ್ ಸೇನಾಪತಿ ಹ್ಯಾರಿಸ್‌ನ ಸೇನೆಯನ್ನು ಎದುರಿಸಲು ಹೊರಟಿದ್ದಾನೆ ಎಂಬುದು ಆ ಸುದ್ದಿ. ಮೊದಲು ಕಿವಿಗೆ ಬಿದ್ದದ್ದು ಮನಸ್ಸಿನಲ್ಲಿ ಬೇರೂರಿದ್ದರಿಂದ, ಬಳಿಕ ಕಣ್ಣಿಗೆ ಬಿದ್ದದ್ದಕ್ಕೆ ಅರ್ಧ ಬೆಲೆಯಷ್ಟೇ ಸಿಕ್ಕಿತು. ಸ್ಟುವರ್ಟ್ ಮುಂಚೂಣಿಗೆ ಒಂದು ಪಟಾಲಂ ಸೇರಿಸಿ ಕಾದು ನೋಡಿದ. ಮರುದಿನ ಬೆಳಿಗ್ಗೆ ಕಾಡಿನ ಮರೆಯಿಂದ ಟಿಪ್ಪುವಿನ ಪಡೆ ಮುಂಚೂಣಿಯಲ್ಲಿದ್ದ ಮಾಂಟ್ರೆಸರನ ತುಕಡಿಯ ಮೇಲೆ ಮುಂದಿನಿಂದಲೂ ಹಿಂದಿನಿಂದಲೂ ಎರಗಿತು. ಆ ತುಕಡಿ ಗಂಟೆಗಟ್ಟಲೆ ಹಿಡಿದು ನಿಂತದ್ದರಿಂದ, ಹಿಂದಿನ ಸೇನೆ ಬಂದು ಕೂಡಿಕೊಂಡದ್ದರಿಂದ ಬ್ರಿಟಿಷರು ಉಳಿದರು. ಕಾವಲಿನವರು ತಮ್ಮ ಕೆಲಸದಲ್ಲಿ ಎಲ್ಲಿಯೂ ತಪ್ಪಿರಲಿಲ್ಲ. ಅವರ ಮಾತಿಗೆ ಕಿವಿಗೊಡುವ ಜಾಗದಲ್ಲಿ ಸಂದೇಹ ಕೂತಿತ್ತು.

ಇನ್ನೂರು ವರ್ಷಗಳ ನಂತರ ಕಾರ್ಗಿಲ್‌ನಲ್ಲೂ ಇದರ ನೆರಳು ಕಾಣುತ್ತದೆ. 1999ರ ಮೇ ಮೊದಲ ವಾರ, ಬೆಟ್ಟ ಹತ್ತಿ ಕುಳಿತಿದ್ದ ನುಸುಳುಕೋರರನ್ನು ಮೊದಲು ಕಂಡು ಸೇನೆಗೆ ತಿಳಿಸಿದವರು ಸ್ಥಳೀಯ ಕುರಿಗಾಹಿಗಳು. ಆ ಮಲೆಯಲ್ಲೇ ಬದುಕುವವರಾದ್ದರಿಂದ ಅಲ್ಲಿ ಇರಬಾರದ್ದು ಇದೆ ಎಂಬುದು ಅವರಿಗೆ ಹೊಳೆಯಿತು. ಮುಂದೆ ಕೆ. ಸುಬ್ರಹ್ಮಣ್ಯಂ ನೇತೃತ್ವದ ಪರಾಮರ್ಶೆ ಸಮಿತಿ ಬೇಹುಗಾರಿಕೆಯ ಲೋಪಗಳನ್ನು ಪಟ್ಟಿ ಮಾಡಿತು. ಬೇರೆ ಬೇರೆ ಸಂಸ್ಥೆಗಳಿಗೆ ಸಿಕ್ಕ ಮಾಹಿತಿಯನ್ನು ಒಂದೆಡೆ ತಂದು, ಜೋಡಿಸಿ, ಅರ್ಥ ಮಾಡಿಕೊಳ್ಳುವ ವ್ಯವಸ್ಥೆ ದುರ್ಬಲವಾಗಿದೆ ಎಂಬುದೂ ಅದರ ಮುಖ್ಯ ಮಾತುಗಳಲ್ಲಿ ಒಂದು.

ಹಾಗೆಂದು ನೋಡುವ ಕೆಲಸವೇ ಬೇಡ ಎನ್ನುತ್ತಿಲ್ಲ. ನೋಡದೆ ನುಗ್ಗಿದರೆ ಏನಾಗುತ್ತದೆ ಎಂಬುದಕ್ಕೂ ಅದೇ 1799ರ ಶ್ರೀರಂಗಪಟ್ಟಣ ಸಾಕ್ಷಿ. ಏಪ್ರಿಲ್ 5ರ ರಾತ್ರಿ ಬ್ರಿಟಿಷ್ ಸೇನಾಧಿಕಾರಿ ಆರ್ಥರ್ ವೆಲ್ಲೆಸ್ಲಿ ಸುಲ್ತಾನ್‌ಪೇಟೆ ತೋಪಿನ ಮೇಲೆ ದಾಳಿ ಮಾಡಿದ. ಹಗಲಿನಲ್ಲಿ ಯಾರೂ ಆ ತೋಪನ್ನು ಹತ್ತಿರದಿಂದ ನೋಡಿಕೊಂಡು ಬಂದಿರಲಿಲ್ಲ. ಕತ್ತಲೆಯಲ್ಲಿ, ಕಾಲುವೆ ಮತ್ತು ಮರಗಳ ನಡುವೆ ಸೈನಿಕರು ದಿಕ್ಕೆಟ್ಟರು, ಕೆಲವರು ಸೆರೆಸಿಕ್ಕರು. ಮರುದಿನ ಹಗಲಿನಲ್ಲಿ ಅದೇ ತೋಪು ಸುಲಭವಾಗಿ ವಶವಾಯಿತು. ಹಗಲಿನಲ್ಲಿ ಪರಿಶೀಲಿಸದ ನೆಲೆಯ ಮೇಲೆ ಇನ್ನೆಂದೂ ರಾತ್ರಿ ದಾಳಿ ಮಾಡಿಸುವುದಿಲ್ಲ ಎಂದು ವೆಲ್ಲೆಸ್ಲಿ ಆಗ ನಿರ್ಧರಿಸಿದ. ನಾಲ್ಕು ವರ್ಷಗಳ ನಂತರ, 1803ರ ಸೆಪ್ಟೆಂಬರ್ 23ರಂದು, ಅಸ್ಸಾಯೆಯ ಯುದ್ಧದಲ್ಲಿ ಆ ಪಾಠ ಫಲ ಕೊಟ್ಟಿತು. ಕೈತ್ನಾ ಹೊಳೆಯನ್ನು ದಾಟುವ ಜಾಗವೇ ಇಲ್ಲ ಎಂದು ದಾರಿ ತೋರುವವರು ಖಂಡಿತವಾಗಿ ಹೇಳಿದರು. ವೆಲ್ಲೆಸ್ಲಿ ದೂರದರ್ಶಕದಲ್ಲಿ ನೋಡಿದಾಗ ಹೊಳೆಯ ಈ ದಡದಲ್ಲೊಂದು ಹಳ್ಳಿ, ಅದಕ್ಕೆ ನೇರ ಎದುರು ಆ ದಡದಲ್ಲೊಂದು ಹಳ್ಳಿ ಕಂಡವು. ಇಷ್ಟು ಹತ್ತಿರದ ಎರಡು ಹಳ್ಳಿಗಳ ಜನ ಹೋಗಿಬರಲು ದಾರಿ ಮಾಡಿಕೊಳ್ಳದೆ ಇರಲಾರರು ಎಂದು ಅವನು ಊಹಿಸಿದ, ದಾಟುವ ಜಾಗ ಸಿಕ್ಕಿತು. ದಾರಿ ತೋರುವವರ ಕಣ್ಣೆದುರಿಗೂ ಆ ಹಳ್ಳಿಗಳಿದ್ದವು. ಕಂಡದ್ದನ್ನು ಜನರ ಬದುಕಿನ ಜೊತೆ ಇಟ್ಟು ಓದಿದವನು ಮಾತ್ರ ಅದರಿಂದ ದಾರಿ ತೆಗೆದ.

ಈ ವಿಷಯವನ್ನು ಶಾಸ್ತ್ರವಾಗಿಯೇ ಬರೆದಿಟ್ಟ ಗ್ರಂಥವೊಂದಿದೆ. ಅದನ್ನು ಲೋಕಕ್ಕೆ ಕೊಟ್ಟವರು ನಮ್ಮ ಜಿಲ್ಲೆಯವರು. ಅರಕಲಗೂಡು ತಾಲ್ಲೂಕಿನ ಕಾವೇರಿ ದಡದ ರುದ್ರಪಟ್ಟಣದಲ್ಲಿ ಹುಟ್ಟಿದ ಆರ್. ಶಾಮಶಾಸ್ತ್ರಿಗಳು ಮೈಸೂರಿನ ಓರಿಯೆಂಟಲ್ ಲೈಬ್ರರಿಯಲ್ಲಿ ತಾಳೆಗರಿಗಳ ನಡುವೆ ಕೌಟಿಲ್ಯನ ಅರ್ಥಶಾಸ್ತ್ರವನ್ನು 1905ರಲ್ಲಿ ಗುರುತಿಸಿ, 1909ರಲ್ಲಿ ಅಚ್ಚು ಹಾಕಿಸಿದರು. ಇಂಗ್ಲಿಷ್ ಅನುವಾದವನ್ನೂ ಅವರೇ ಮಾಡಿದರು. ಆ ಗ್ರಂಥದಲ್ಲಿ ಗೂಢಚಾರರ ವ್ಯವಸ್ಥೆಗೆ ದೊಡ್ಡ ಜಾಗವಿದೆ. ಅದರ ಎರಡು ಸೂತ್ರಗಳನ್ನು ನಮ್ಮ ಕ್ರೀಡಾ ಇಲಾಖೆ ಗೋಡೆಗೆ ಬರೆಸಿಕೊಳ್ಳುವುದು ಒಳ್ಳೆಯದು ಎಂದು ನನಗನ್ನಿಸುತ್ತದೆ.

ಮೊದಲನೆಯದು, ಚಾರರಲ್ಲಿ ಎರಡು ಬಗೆ. ಒಂದೆಡೆ ನೆಲೆಸಿ ನೋಡುವವರು 'ಸಂಸ್ಥೆ'ಗೆ ಸೇರಿದವರು, ಸುತ್ತಾಡಿ ನೋಡುವವರು 'ಸಂಚಾರ'ದವರು. ವಿದ್ಯಾರ್ಥಿ, ಸಂನ್ಯಾಸ ಬಿಟ್ಟವನು, ಬೇಸಾಯಗಾರ, ವ್ಯಾಪಾರಿ, ತಪಸ್ವಿ, ಇವರೆಲ್ಲ ಮೊದಲ ಬಗೆಯವರು. ಊರಿನಲ್ಲೇ ಇದ್ದು, ಊರಿನವರಾಗಿಯೇ ಬದುಕಿ, ದಿನದಿನದ ವ್ಯತ್ಯಾಸವನ್ನು ಗಮನಿಸುವವರು. ಕೌಟಿಲ್ಯ ಅವರನ್ನೇ ಮೊದಲು ಹೇಳುತ್ತಾನೆ, ಸಂಚಾರದವರ ಸರದಿ ಆಮೇಲೆ. ಎರಡನೆಯದು, ಒಬ್ಬರನ್ನೊಬ್ಬರು ಅರಿಯದ ಮೂವರು ಒಂದೇ ಮಾತು ಹೇಳಿದರೆ ಆಗ ನಂಬಬೇಕು. ಒಂದೇ ಕಣ್ಣಿನ ವರದಿ, ಎಷ್ಟೇ ಚುರುಕಾದ ಕಣ್ಣಾಗಿದ್ದರೂ, ಸಾಲದು.

ಈಗ ಮೈದಾನಕ್ಕೆ ಬರೋಣ. ನನ್ನ ಮಾತಿಗೆ ತಕ್ಷಣ ಬರುವ ಉತ್ತರ ಮಹೇಂದ್ರ ಸಿಂಗ್ ಧೋನಿ. ಶೋಧಕರು ಕಾಣದೆ ಹೋಗಿದ್ದರೆ ರಾಂಚಿಯ ಆ ಹುಡುಗ ಎಲ್ಲಿರುತ್ತಿದ್ದ ಎಂದು ಕೇಳುತ್ತಾರೆ. ನ್ಯಾಯವಾದ ಪ್ರಶ್ನೆ. ಕ್ರಿಕೆಟ್ ಮಂಡಳಿ 2002ರಲ್ಲಿ ಪ್ರತಿಭಾಶೋಧ ವಿಭಾಗ ಆರಂಭಿಸಿತು, ದಿಲೀಪ್ ವೆಂಗ್‌ಸರ್ಕಾರ್ ಅದರ ಅಧ್ಯಕ್ಷರು. 2003ರಲ್ಲಿ ಜಮ್ಶೆಡ್‌ಪುರದ ಪಂದ್ಯದಲ್ಲಿ ಧೋನಿಯನ್ನು ಕಂಡು ವರದಿ ಕಳಿಸಿದವರು ಹಿಂದಿನ ಕಾಲದ ಆಟಗಾರ ಪ್ರಕಾಶ್ ಪೋದ್ದಾರ್. ಆದರೆ ಎರಡು ಸಂಗತಿ ಮರೆಯಬಾರದು. ಧೋನಿ ಅದಕ್ಕೂ ಮೂರು ವರ್ಷ ಮೊದಲಿನಿಂದಲೇ ರಣಜಿ ಆಡುತ್ತಿದ್ದರು. ನೋಡಲು ಬಂದವರಿಗೆ ನೋಡಸಿಗುವಂತೆ ಪಂದ್ಯಗಳಿದ್ದವು. ಅದಕ್ಕಿಂತ ಮುಖ್ಯವಾಗಿ, ಆ ಯೋಜನೆಯ ವಯೋಮಿತಿ 19, ಧೋನಿಗೆ ಆಗ 21 ದಾಟಿತ್ತು. ನಿಯಮ ತೋರಿಸಿ ವರದಿಯನ್ನು ಪಕ್ಕಕ್ಕಿಡಬಹುದಾಗಿತ್ತು. ವೆಂಗ್‌ಸರ್ಕಾರ್ ಇಡಲಿಲ್ಲ, ವಯಸ್ಸಿನ ಮಿತಿಯನ್ನು ಸಡಿಲಿಸಿದರು. ಪೋದ್ದಾರರ ಕಣ್ಣನ್ನು ನಾವು ಹೊಗಳುತ್ತೇವೆ, ಹೊಗಳಬೇಕಾದದ್ದೇ. ಆ ಕಣ್ಣಿಗೆ ಬೆಲೆ ಬಂದದ್ದು ಇನ್ನೊಬ್ಬರ ಕಿವಿಯಿಂದ.

ನಮ್ಮ ಜಿಲ್ಲೆಯ ಊರೊಂದರ ಹೆಸರನ್ನು ತಮ್ಮ ಹೆಸರಿನಲ್ಲೇ ಹೊತ್ತ ಜಾವಗಲ್ ಶ್ರೀನಾಥರ ಕಥೆಯೂ ಹೀಗೆಯೇ. ಜಾವಗಲ್ ಅರಸೀಕೆರೆ ತಾಲ್ಲೂಕಿನದು, ಶ್ರೀನಾಥ್ ಬೆಳೆದದ್ದು ಮೈಸೂರಿನಲ್ಲಿ. ಎಂಜಿನಿಯರಿಂಗ್ ಓದುತ್ತಿದ್ದ ಆ ಹುಡುಗನ ವೇಗವನ್ನು ಕ್ಲಬ್ ಪಂದ್ಯದಲ್ಲಿ ಗುರುತಿಸಿದವರು ಜಿ.ಆರ್. ವಿಶ್ವನಾಥ್. 1989ರಲ್ಲಿ ಹೈದರಾಬಾದ್ ವಿರುದ್ಧ ಆಡಿದ ಮೊದಲ ರಣಜಿ ಪಂದ್ಯದಲ್ಲೇ ಶ್ರೀನಾಥ್ ಹ್ಯಾಟ್ರಿಕ್ ಪಡೆದರು. ಮುಂದೆ ಟೆಸ್ಟ್‌ನಲ್ಲಿ 236, ಏಕದಿನ ಪಂದ್ಯಗಳಲ್ಲಿ 315 ವಿಕೆಟ್. ವಿಶ್ವನಾಥರ ಕಣ್ಣು ದೊಡ್ಡದು. ಅದಕ್ಕೂ ಮೊದಲು ಮೈಸೂರಿನಲ್ಲಿ ಕ್ಲಬ್ಬುಗಳಿದ್ದವು, ಮತ್ತೆ ಮತ್ತೆ ಆಡಲು ಪಂದ್ಯಗಳಿದ್ದವು. ಅವರು ಜಾವಗಲ್‌ನಲ್ಲೇ ಬೆಳೆದು, ವರ್ಷಕ್ಕೊಂದು ಟೆನಿಸ್ ಬಾಲ್ ಟೂರ್ನಿಯಷ್ಟೇ ಆಡಿದ್ದರೆ, ವಿಶ್ವನಾಥರಂಥವರು ಹತ್ತು ಮಂದಿ ಬಂದಿದ್ದರೂ ಅವರ ಕಣ್ಣಿಗೆ ಬೀಳುವುದು ಕಷ್ಟವಿತ್ತು.

ಸ್ವತಃ ವಿಶ್ವನಾಥರ ಆರಂಭವನ್ನು ನೋಡಿ. 1969ರಲ್ಲಿ ಕಾನ್ಪುರದಲ್ಲಿ ಆಸ್ಟ್ರೇಲಿಯಾ ವಿರುದ್ಧ ಮೊದಲ ಟೆಸ್ಟ್, ಮೊದಲ ಇನಿಂಗ್ಸ್‌ನಲ್ಲಿ ಸೊನ್ನೆ. ಎರಡನೆಯ ಇನಿಂಗ್ಸ್‌ನಲ್ಲಿ 137. ಒಂದೇ ಇನಿಂಗ್ಸ್ ನೋಡಿ ಎದ್ದು ಹೋದ ಶೋಧಕನ ಟಿಪ್ಪಣಿ ಪುಸ್ತಕದಲ್ಲಿ ಏನಿರುತ್ತಿತ್ತು? ಬಿ.ಎಸ್. ಚಂದ್ರಶೇಖರ್ ಇನ್ನೂ ದೊಡ್ಡ ಪಾಠ. ಬಾಲ್ಯದಲ್ಲಿ ಪೋಲಿಯೊ ತಗುಲಿ ಬಲಗೈ ಸೊರಗಿತ್ತು. ಎತ್ತರ, ತೂಕ, ತೋಳಿನ ಬಲ ಅಳೆಯುವ ಯಾವ ಆಯ್ಕೆ ಶಿಬಿರವೂ ಆ ಕೈಗೆ ಅಂಕ ಕೊಡುತ್ತಿರಲಿಲ್ಲ. ಅದೇ ಕೈ 1971ರಲ್ಲಿ ಓವಲ್ ಮೈದಾನದಲ್ಲಿ 38 ರನ್ನಿಗೆ 6 ವಿಕೆಟ್ ಕಿತ್ತು ಇಂಗ್ಲೆಂಡಿನಲ್ಲಿ ಭಾರತಕ್ಕೆ ಮೊದಲ ಸರಣಿ ಗೆಲುವು ತಂದಿತು. ಅಳತೆಪಟ್ಟಿ ತಂದ ಕಣ್ಣಿಗೆ ಕಾಣುವುದು ಅಳತೆಗೆ ಸಿಗುವುದು ಮಾತ್ರ. ಚಂದ್ರರನ್ನು ಉಳಿಸಿದ್ದು ಪಂದ್ಯದ ಮೇಲೆ ಪಂದ್ಯ, ವಿಕೆಟ್ಟಿನ ಮೇಲೆ ವಿಕೆಟ್.

ಕಂಡ ಮೇಲೆ ಕೈಬಿಟ್ಟರೆ ಏನಾಗುತ್ತದೆ ಎಂಬುದಕ್ಕೆ ಉತ್ತರ ಕನ್ನಡದ ಸಿದ್ದಿ ಮಕ್ಕಳ ಅನುಭವವಿದೆ. ನಾನು ಬಲ್ಲ ಮಟ್ಟಿಗೆ ನಮ್ಮ ರಾಜ್ಯದಲ್ಲಿ ಪ್ರತಿಭಾಶೋಧದ ಅತ್ಯಂತ ಮಹತ್ವಾಕಾಂಕ್ಷೆಯ ಪ್ರಯೋಗ ಅದು. 1980ರ ದಶಕದ ಕೊನೆಗೆ ಭಾರತೀಯ ಕ್ರೀಡಾ ಪ್ರಾಧಿಕಾರ ವಿಶೇಷ ಪ್ರದೇಶ ಕ್ರೀಡಾ ಯೋಜನೆಯಡಿ ಯಲ್ಲಾಪುರ, ಹಳಿಯಾಳದ ಕಾಡಂಚಿನ ಹಾಡಿಗಳಿಗೆ ಹೋಯಿತು. ಆಫ್ರಿಕಾ ಮೂಲದ ಸಮುದಾಯ, ಅಂದಮೇಲೆ ಓಟ ರಕ್ತದಲ್ಲೇ ಇರುತ್ತದೆ ಎಂಬುದು ಆ ಶೋಧದ ಹಿಂದಿನ ಎಣಿಕೆ. ಆಯ್ದ ಮಕ್ಕಳಿಗೆ ತರಬೇತಿ ಸಿಕ್ಕಿತು, ಕೆಲವರು ಪದಕ ಗೆದ್ದರು, ಕೆಲವರಿಗೆ ಕ್ರೀಡಾ ಕೋಟಾದಲ್ಲಿ ಕೆಲಸವೂ ಸಿಕ್ಕಿತು. 1993ರ ಹೊತ್ತಿಗೆ ಅವರ ಪಾಲಿಗೆ ಆ ಯೋಜನೆ ನಿಂತುಹೋಯಿತು. ಅರ್ಧ ದಾರಿಯಲ್ಲಿದ್ದ ಹಲವರು ಓದೂ ಕೈಗೂಡದೆ, ಆಟವೂ ಕೈಗೂಡದೆ ಊರಿಗೆ ಮರಳಿದರು. ಶೋಧ ಸೋತಿತು ಎನ್ನಲಾಗದು, ಪ್ರತಿಭೆ ಸಿಕ್ಕಿತ್ತು. ಸಿಕ್ಕಿದ್ದನ್ನು ಹತ್ತು ಹದಿನೈದು ವರ್ಷ ಪೊರೆಯುವ ತಾಳ್ಮೆ ಇರಲಿಲ್ಲ. ಅಷ್ಟೇ ಅಲ್ಲ, ಮಕ್ಕಳನ್ನು ಒಬ್ಬೊಬ್ಬರಾಗಿ ನೋಡುವ ಬದಲು ಕುಲಮೂಲವನ್ನು ನೋಡಿ ಹೊರಟದ್ದೇ ಮೊದಲ ತಪ್ಪು ಎಂಬುದು ನನ್ನ ಅಭಿಪ್ರಾಯ.

2020ರ ಫೆಬ್ರುವರಿಯಲ್ಲಿ ಇದರ ಇನ್ನೊಂದು ಮುಖ ಕಂಡೆವು. ಐಕಳ ಕಂಬಳದಲ್ಲಿ ಶ್ರೀನಿವಾಸ ಗೌಡರು 142.5 ಮೀಟರ್ ಕರೆಯನ್ನು 13.62 ಸೆಕೆಂಡಿನಲ್ಲಿ ಕೋಣಗಳೊಂದಿಗೆ ಓಡಿದರು. ಯಾರೋ ಅದನ್ನು ನೂರು ಮೀಟರಿಗೆ ಇಳಿಸಿ 9.55 ಎಂದು ಲೆಕ್ಕ ಹಾಕಿದರು. ದೇಶವಿಡೀ ಉಸೇನ್ ಬೋಲ್ಟ್ ಹೆಸರು ಎತ್ತಿತು, ಕೇಂದ್ರ ಕ್ರೀಡಾ ಸಚಿವರು ಪರೀಕ್ಷೆಗೆ ಕರೆಸಿದರು. ಗೌಡರು ಸಮಾಧಾನದಿಂದ ಬೇಡವೆಂದರು. ಕಂಬಳದಲ್ಲಿ ಹಿಮ್ಮಡಿಯ ಮೇಲೆ ಓಡುವುದು, ಟ್ರ್ಯಾಕಿನಲ್ಲಿ ಬೆರಳ ಮೇಲೆ, ಎರಡೂ ಬೇರೆ ಎಂದು ವಿವರಿಸಿದರು. ಶೋಧಕರ ಗದ್ದಲದ ನಡುವೆ ವಿಷಯ ಬಲ್ಲವರಾಗಿ ಮಾತಾಡಿದವರು ಅವರೇ. ದೂರದಿಂದ ಬಂದ ಕಣ್ಣಿಗೆ ಓಟ ಕಂಡಿತ್ತು, ಓಟದ ಕಸುಬು ಕಂಡಿರಲಿಲ್ಲ.

ಯುದ್ಧ ಮತ್ತು ಆಟದ ಹೋಲಿಕೆ ಇಲ್ಲಿಗೆ ನಿಲ್ಲುತ್ತದೆ. ಮುಂದಿರುವ ವ್ಯತ್ಯಾಸವೇ ನನಗೆ ಹೆಚ್ಚು ಮುಖ್ಯ. ಬೆಟ್ಟದ ಮೇಲಿನ ಕಾವಲುಗಾರ ಹುಡುಕುವುದು ಆಗಲೇ ಇರುವ ಶತ್ರುವನ್ನು. ತಪ್ಪಿದರೆ ಮರುದಿನವೇ ಗೊತ್ತಾಗುತ್ತದೆ, ಬೆಲೆ ತೆರುವುದು ಅವನದೇ ಸೇನೆ. ಮಕ್ಕಳನ್ನು ಆರಿಸುವವನು ಹುಡುಕುವುದು ಇನ್ನೂ ಆಗಿರದ ಆಟಗಾರನನ್ನು. ಹನ್ನೆರಡರ ಹುಡುಗ ಇಪ್ಪತ್ತೆರಡರಲ್ಲಿ ಏನಾಗುತ್ತಾನೆ ಎಂಬುದು ಅವನ ಮೈಯೊಳಗೆ ಬರೆದಿಟ್ಟ ಸಂಗತಿಯಲ್ಲ. ಮುಂದಿನ ಹತ್ತು ವರ್ಷದ ಊಟ, ನಿದ್ದೆ, ಗುರು, ಗೆಳೆಯರು, ಗಾಯ, ಮನೆಯ ಕಷ್ಟ ಸೇರಿ ಅದನ್ನು ಬರೆಯುತ್ತವೆ. ಒಂದೇ ವಯೋಮಾನದ ಗುಂಪಿನಲ್ಲಿ ಹತ್ತು ಹನ್ನೊಂದು ತಿಂಗಳು ದೊಡ್ಡವರಾದ ಮಕ್ಕಳು ಎತ್ತರವಾಗಿ, ಬಲವಾಗಿ ಕಾಣುತ್ತಾರೆ, ಆಯ್ಕೆಯಾಗುತ್ತಾರೆ. ಕೆನಡಾದ ಐಸ್ ಹಾಕಿಯಿಂದ ಯುರೋಪಿನ ಫುಟ್‌ಬಾಲ್‌ವರೆಗೆ ಸಂಶೋಧಕರು ಇದನ್ನು ಕಂಡಿದ್ದಾರೆ. ಚಿಕ್ಕಂದಿನಲ್ಲಿ ಮುಂದಿದ್ದವರೇ ದೊಡ್ಡವರಾದ ಮೇಲೂ ಮುಂದಿರುತ್ತಾರೆ ಎಂಬುದಕ್ಕೆ ಆಧಾರ ಕಡಿಮೆ. ಇನ್ನು ತಪ್ಪಿದರೆ ಬೆಲೆ ತೆರುವವರು ಯಾರು? ಆಯ್ಕೆಗಾರರಂತೂ ಅಲ್ಲ. ಬಿಟ್ಟುಹೋದ ಮಗು ಮುಂದೆ ಏನಾಗಬಹುದಿತ್ತು ಎಂಬುದು ಯಾರಿಗೂ ಗೊತ್ತಾಗುವುದೇ ಇಲ್ಲ. ತಪ್ಪು ತಿಳಿಯದ ಕಡೆ ತಿದ್ದುಪಡಿಯೂ ಹುಟ್ಟುವುದಿಲ್ಲ.

ಆದ್ದರಿಂದಲೇ ನಮ್ಮ ಕ್ರೀಡಾಕೂಟಗಳ ಏಣಿಯನ್ನು ಗಮನವಿಟ್ಟು ನೋಡಬೇಕು. ಹೋಬಳಿ, ತಾಲ್ಲೂಕು, ಜಿಲ್ಲೆ, ವಿಭಾಗ, ರಾಜ್ಯ. ಪ್ರತಿ ಮೆಟ್ಟಿಲಲ್ಲೂ ಗೆದ್ದವರು ಮೇಲೆ, ಉಳಿದವರು ಮನೆಗೆ. ನೂರು ಮೀಟರ್ ಓಡುವ ಹುಡುಗಿ ಹೋಬಳಿಯಲ್ಲೇ ಸೋತರೆ ಆ ವರ್ಷವಿಡೀ ಅವಳನ್ನು ವ್ಯವಸ್ಥೆ ನೋಡಿದ್ದು ಹದಿನೈದು ಹದಿನಾರು ಸೆಕೆಂಡು. ಆವತ್ತು ಜ್ವರವಿತ್ತೋ, ಬರಿಗಾಲಲ್ಲಿ ಓಡಿದಳೋ, ಪಕ್ಕದ ಗೆರೆಯವಳು ಎರಡು ವರ್ಷ ದೊಡ್ಡವಳೋ, ಕೇಳುವವರಿಲ್ಲ. ಚುಂಚನಕಟ್ಟೆಯ ದನಗಳ ಜಾತ್ರೆಗೆ ಹೋದ ನಮ್ಮ ರೈತ ಜೋಡಿ ಎತ್ತು ಕೊಳ್ಳುವಾಗ ಹಲ್ಲು ನೋಡುತ್ತಾನೆ, ಸುಳಿ ನೋಡುತ್ತಾನೆ, ನಡೆಸಿ ನೋಡುತ್ತಾನೆ, ಬಲ್ಲವರನ್ನು ಕೇಳುತ್ತಾನೆ, ಮರುದಿನ ಇನ್ನೊಮ್ಮೆ ಬಂದು ನೋಡುತ್ತಾನೆ. ಮಕ್ಕಳ ವಿಷಯದಲ್ಲಿ ನಾವು ಅಷ್ಟು ಹೊತ್ತನ್ನೂ ಕೊಡುತ್ತಿಲ್ಲ.

ನನ್ನ ವಾದದ ತಿರುಳು ಇಷ್ಟು: ಹಳೇಕೋಟೆಯಂಥ ಹೋಬಳಿಗೆ ಮೊದಲು ಬೇಕಾದದ್ದು ನೆಲೆ ನಿಂತು ನೋಡುವ ಕಣ್ಣು. ಬಂದು ಹೋಗುವ ಕಣ್ಣು ಅದರ ನಂತರ. ಆ ನೆಲೆಯ ಕಣ್ಣಿಗೆ ನಮ್ಮಲ್ಲಿ ಹೆಸರೂ ಇದೆ, ಹುದ್ದೆಯೂ ಇದೆ. ಅವರೇ ದೈಹಿಕ ಶಿಕ್ಷಕರು. ಐದನೇ ತರಗತಿಯಲ್ಲಿ ಕುಂಟುತ್ತಿದ್ದ ಹುಡುಗ ಎಂಟನೇ ತರಗತಿಯಲ್ಲಿ ಹೇಗೆ ಕಬಡ್ಡಿ ಅಂಕಣದಲ್ಲಿ ನುಗ್ಗುತ್ತಾನೆ ಎಂಬುದನ್ನು ಬಲ್ಲವರು ಅವರೊಬ್ಬರೇ. ಅಂಥವರ ಹುದ್ದೆ ಎಷ್ಟೋ ಶಾಲೆಗಳಲ್ಲಿ ಖಾಲಿ, ಎಷ್ಟೋ ಶಾಲೆಗಳಿಗೆ ಮಂಜೂರೇ ಆಗಿಲ್ಲ. ಅವರ ಸ್ಥಾನಮಾನ ಸುಧಾರಿಸಲು ಪ್ರೊ. ವೈದ್ಯನಾಥನ್ ಕೊಟ್ಟ ವರದಿಯನ್ನು ಜಾರಿಗೆ ತನ್ನಿ ಎಂದು ದೈಹಿಕ ಶಿಕ್ಷಕರು ವರ್ಷಗಳಿಂದ ಕೇಳುತ್ತಲೇ ಇದ್ದಾರೆ. ನೋಡಿ ಬರೆದವರಿದ್ದಾರೆ, ಬರೆದದ್ದೂ ಇದೆ. ಸ್ಟುವರ್ಟ್‌ನ ಬಿಡಾರದಲ್ಲಿ ಇಲ್ಲದಿದ್ದ ಕೇಳುವ ಕಿವಿಯೇ ಇಲ್ಲಿಯೂ ಇಲ್ಲ.

ಇದಕ್ಕೊಂದು ಬಲವಾದ ಆಕ್ಷೇಪವಿದೆ. ಪ್ರತಿ ಶಾಲೆಗೂ ಶಿಕ್ಷಕರನ್ನು ಕೊಡುವುದು ದುಬಾರಿ, ಶೋಧ ಶಿಬಿರ ಅಗ್ಗ, ಬೇಗ ಫಲ ಕೊಡುತ್ತದೆ ಎನ್ನುತ್ತಾರೆ. ಊರಿನ ಶಿಕ್ಷಕರಿಗೆ ಪಕ್ಷಪಾತ ಇರಬಹುದು, ಹೊರಗಿನವರು ನಿಷ್ಪಕ್ಷಪಾತಿಗಳು ಎಂಬ ಮಾತೂ ಬರುತ್ತದೆ. ಎರಡರಲ್ಲೂ ಸತ್ಯಾಂಶವಿದೆ. ಆದರೆ ಶೋಧ ಶಿಬಿರದ ಬೇಗದ ಫಲ ಒಬ್ಬಿಬ್ಬರದು. ಶಿಕ್ಷಕರ ಕೆಲಸದ ಫಲ ಪದಕ ಗೆಲ್ಲದ ನೂರಾರು ಮಕ್ಕಳ ಆರೋಗ್ಯಕ್ಕೂ ಸಲ್ಲುತ್ತದೆ. ಪಕ್ಷಪಾತಕ್ಕೆ ಮದ್ದನ್ನು ಕೌಟಿಲ್ಯ ಆಗಲೇ ಹೇಳಿದ್ದಾನೆ: ಮೂವರ ಮಾತು ಕೂಡಬೇಕು. ಶಾಲೆಯ ಶಿಕ್ಷಕರು, ನೆರೆ ಹೋಬಳಿಯ ಶಿಕ್ಷಕರೊಬ್ಬರು, ಜಿಲ್ಲೆಯ ತರಬೇತುದಾರರೊಬ್ಬರು, ಮೂವರೂ ಬೇರೆ ಬೇರೆ ದಿನ ನೋಡಿ ಬೇರೆ ಬೇರೆಯಾಗಿ ಬರೆಯಲಿ.

ಇದಕ್ಕಾಗಿ ಹೊಸ ಕಟ್ಟಡ ಬೇಕಿಲ್ಲ. ವರ್ಷಕ್ಕೊಂದೇ ಕ್ರೀಡಾಕೂಟದ ಬದಲು ಹೋಬಳಿಯ ಶಾಲೆಗಳ ನಡುವೆ ತಿಂಗಳಿಗೊಮ್ಮೆ ಕಬಡ್ಡಿ, ಕೊಕ್ಕೊ, ವಾಲಿಬಾಲ್, ಓಟದ ಪಂದ್ಯ ನಡೆಯಲಿ. ಸೋತ ಮಗುವಿಗೆ ಮುಂದಿನ ತಿಂಗಳು ಇನ್ನೊಂದು ಅವಕಾಶವಿರುತ್ತದೆ, ನೋಡುವವರಿಗೂ ಇರುತ್ತದೆ. ಪ್ರತಿ ಮಗುವಿಗೂ ಒಂದು ಪುಟದ ದಾಖಲೆ ಇರಲಿ, ಅದು ಶಾಲೆ ಬದಲಾದರೂ ಜೊತೆಗೆ ಹೋಗಲಿ. ಶಿಕ್ಷಕರು ಹೆಸರು ಕಳಿಸಿದರೆ ಜಿಲ್ಲೆಯ ಕ್ರೀಡಾ ಇಲಾಖೆ ಇಂತಿಷ್ಟು ದಿನದೊಳಗೆ ಬಂದು ನೋಡಬೇಕು. ಬೇಡವೆಂದರೆ ಕಾರಣ ಬರೆದು ತಿಳಿಸಬೇಕು, ಒಂದು ವರ್ಷದ ನಂತರ ಮತ್ತೆ ನೋಡಬೇಕು. ಆಯ್ಕೆಯಾದ ಮಗುವಿಗೆ ಓದಿನ ದಾರಿ ಮುಚ್ಚಬಾರದು. ನಡುವೆ ಗಾಯವಾದರೆ, ಯೋಜನೆ ನಿಂತರೆ ಆ ಮಗುವಿನ ಹೊಣೆ ಯಾರದೆಂದು ಮೊದಲೇ ಬರೆದಿರಬೇಕು.

ಹೊರಗಿನ ಶೋಧಕರು ಬರಲಿ, ಸ್ವಾಗತ. ಈ ಏರ್ಪಾಟು ಇದ್ದಲ್ಲಿ ಅವರ ಒಂದು ದಿನದ ಭೇಟಿಗೂ ಅರ್ಥ ಬರುತ್ತದೆ, ಏಕೆಂದರೆ ಅವರ ಕೈಗೆ ಮೂರು ನಾಲ್ಕು ವರ್ಷದ ದಾಖಲೆ ಸಿಗುತ್ತದೆ, ಮಾತಾಡಿಸಲು ಮಗುವನ್ನು ಬಲ್ಲ ಶಿಕ್ಷಕರು ಸಿಗುತ್ತಾರೆ. ಮುಂದಿನ ಕ್ರೀಡಾಕೂಟಕ್ಕೆ ಬರುವ ಜನಪ್ರತಿನಿಧಿಗಳಲ್ಲಿ ನಾವು ಕೇಳಬೇಕಾದ ಪ್ರಶ್ನೆಯೂ ಬದಲಾಗಬೇಕು. ಗುರುತಿಸುವವರನ್ನು ಯಾವಾಗ ಕಳಿಸುತ್ತೀರಿ ಎಂದು ಇದುವರೆಗೆ ಕೇಳಿದ್ದೇವೆ. ಈ ಹೋಬಳಿಯ ಎಷ್ಟು ಶಾಲೆಗಳಲ್ಲಿ ದೈಹಿಕ ಶಿಕ್ಷಕರಿದ್ದಾರೆ, ಕಳೆದ ವರ್ಷ ಅವರು ಬರೆದುಕೊಟ್ಟ ಹೆಸರುಗಳಿಗೆ ನೀವು ಏನು ಮಾಡಿದಿರಿ ಎಂದು ಇನ್ನು ಮೇಲೆ ಕೇಳೋಣ.